ಪುಟದ ತಳದ ಸಾಲು

ಪಂಪು ಎರಡು ಸಲ ಉದ್ದಕ್ಕೆ ಕಿರುಗುಟ್ಟಿ ಮೂರನೆಯ ಸಲ ಗಿಡ್ಡಕ್ಕೆ ಕೆಮ್ಮುತ್ತದೆ, ಮತ್ತೆ ಎರಡು ಉದ್ದ, ಒಂದು ಗಿಡ್ಡ, ಹಿಡಿಯ ಗೂಟಕ್ಕೆ ಎಣ್ಣೆ ಕಂಡು ಎಷ್ಟು ದಿನವಾಯಿತೋ, ಬಾನಾ ಇದ್ದಿದ್ದರೆ ಮೊದಲ ಕೆಮ್ಮಿಗೇ ಎದ್ದುಬಿಡುತ್ತಿದ್ದ, ಬಾಯಲ್ಲಿ ತುತ್ತಿದ್ದರೂ ಸರಿ, ಅಪ್ಪಾ, ಅದು ಕರೀತಾ ಇದೆ, ನಿಮಗೆ ಕೇಳಿಸಲ್ವಾ — ಕಬ್ಬಿಣ ಕರೆದರೆ ಮಗನಿಗೆ ಕೇಳುತ್ತಿತ್ತು, ಮಸೀದಿಯ ಬಾಂಗಿಗೆ ಮಾತ್ರ ಎರಡು ಸಲ ಭುಜ ತಟ್ಟಬೇಕಾಗುತ್ತಿತ್ತು, ಬಾಯಾರಿದವರಿಗೆ ನೀರೆತ್ತಿ ಕೊಟ್ಟವನ ನಮಾಜು ತುಸು ತಡವಾದರೆ ಮೇಲಿನವನು ಕೋಪಿಸಿಕೊಳ್ಳಲಾರ ಎಂದು ಗೋನಿ ಕಚಲ್ಲಾ ಈ ಆರು ವರ್ಷಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದಾನೆ. ತೊಡೆಯ ಮೇಲೆ ಶಾಯಿಯ ಸೋರೆಬುರುಡೆ, ಅದರೊಳಗೆ ಗಡಿಗೆಯ ತಳದ ಮಸಿ, ಜಾಲಿಯ ಗೋಂದು, ಕಲಕುವ ಕಡ್ಡಿ ಯಾವಾಗಲೋ ನಿಂತುಹೋಗಿದೆ, ಒಂದು ನೊಣ ಬುರುಡೆಯ ಅಂಚಿನಲ್ಲಿ ಕಾಲು ಅದ್ದಿ ಅವನ ಹೆಬ್ಬೆರಳ ಮೇಲೆ ನಡೆದು ಹೋಗಿದೆ, ಆರು ಚುಕ್ಕೆ, ಅಕ್ಷರ ಕಲಿಯದವನು ಇಟ್ಟಂಥ ಚುಕ್ಕೆ. ಇಷ್ಟು ಹೊತ್ತಿನಲ್ಲಿ ಯಾರು ನೀರೆತ್ತುತ್ತಿದ್ದಾರೆ, ಊರ ಹೆಂಗಸರು ಬೆಳಕು ಹರಿಯುವ ಮೊದಲೇ ಕೊಡ ತುಂಬಿಕೊಂಡು ಹೋಗುತ್ತಾರೆ, ದನಗಳೆಲ್ಲ ನದಿಯ ಕಡೆ ಹೋಗಿವೆ, ಆದರೂ ಪಂಪು ನಿಲ್ಲುತ್ತಿಲ್ಲ, ಒಂದು ಬಕೆಟ್ಟು ಆಯಿತು, ಎರಡಾಯಿತು, ಸದ್ದು ದಪ್ಪವಾಗಿ ತುಂಬಿ ಮತ್ತೆ ತೆಳ್ಳಗಾಗುತ್ತದೆ, ಮೂರನೆಯದು — ಆಗ ಹೊಳೆಯಿತು, ಹೆಣ ತೊಳೆಯುವ ನೀರು. ಮುದುಕಿ ಯಾ ಗುಂಸುವಿನ ಮಗನಿಗೆ. ಗಂಬೋಗೆ. ಬಾನಾ ಕೂಡಿಸಿದ ಪಂಪಿನಿಂದ.

ಬೆಳಿಗ್ಗೆ ಅವಳು ಬಂದಾಗ ಹೊಸಿಲು ದಾಟಲಿಲ್ಲ, ಮಣ್ಣಿನ ಮೇಲೆ ಕುಳಿತಳು, ಚರ್ಮದ ಚೀಲವೊಂದನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಗೋನಿ, ನನ್ನ ಮಗ ಬಂದಿದ್ದಾನೆ ಅಂದಳು, ಕೇಳಿದೆ ಅಂದ, ಹೋಗಿಬಿಟ್ಟ ಅಂದಳು, ಅದನ್ನೂ ಕೇಳಿದೆ ಅಂದ. ಮೊನ್ನೆ ಕತ್ತೆಯ ಮೇಲೆ ಬೋರಲು ಬಿದ್ದುಕೊಂಡು ಬಂದನಂತೆ, ಹೊಟ್ಟೆಯಲ್ಲಿ ತನ್ನವರದೇ ಗುಂಡು, ಒಂದು ಕಾಲದಲ್ಲಿ ನಲವತ್ತು ಹಳ್ಳಿ ಅವನ ಹೆಸರು ಕೇಳಿ ದೀಪ ಆರಿಸುತ್ತಿದ್ದವು, ಬರುವಾಗ ಹಿಂದೆ ಒಂದು ನಾಯಿಯೂ ಇರಲಿಲ್ಲ. ಇಂದು ಬೆಳಗಿನ ನಮಾಜಿನ ಹೊತ್ತಿಗೆ ಉಸಿರು ನಿಂತಿತು, ಸೈನಿಕರು ಬಂದು ಮುಖದ ಫೋಟೋ ತೆಗೆದುಕೊಂಡರು, ಹತ್ತೂ ಬೆರಳಿನ ಗುರುತು ತೆಗೆದುಕೊಂಡರು, ಬಿಸಿಲು ನೆತ್ತಿಗೆ ಬರುವುದರೊಳಗೆ ಹೂಳಿಬಿಡಿ, ಗೋರಿಯ ಮೇಲೆ ಒಂದು ಕಲ್ಲೂ ಇರಬಾರದು ಎಂದು ಹೇಳಿ ಹೋದರು. ನಾಲ್ಕು ಮನೆ ತಿರುಗಿದೆ ಗೋನಿ, ಅವನ ಕೊನೆಯ ನಮಾಜಿಗೆ ನಿಲ್ಲೋರು ಯಾರೂ ಇಲ್ಲ, ಇಮಾಮರಿಗೆ ಮಂಡಿ ನೋವಂತೆ, ನಿನ್ನೆ ಒಂಟೆ ಏರಿದ್ರು ಅದೇ ಮಂಡಿಯಲ್ಲಿ. ಊರ ಮುಖ್ಯಸ್ಥ ಯಾವುದೋ ನೆಂಟರ ಮದುವೆಗೆ ಹೊರಟು ನಿಂತಿದ್ದನಂತೆ, ಮಂಗಳವಾರ ಯಾರ ಮದುವೆ ಎಂದು ಇವಳು ಕೇಳಲಿಲ್ಲ. ಕೇಳುವ ಹಕ್ಕು ತನಗೆ ಎಲ್ಲಿದೆ ಅಂದಳು. ಅತ್ತಿರಲಿಲ್ಲ, ಅತ್ತರೆ ಊರಿಗೆ ಕೇಳಿಸೀತೆಂಬ ಭಯ ಅವಳ ಗಂಟಲಿಗೆ ಇಷ್ಟು ವರ್ಷಗಳಲ್ಲಿ ಅಭ್ಯಾಸವಾಗಿಹೋಗಿದೆ. ನೀವು ಅವನಿಗೆ ಮೊದಲ ಅಕ್ಷರ ಹೇಳಿಕೊಟ್ಟವರು, ಕೊನೆಯದನ್ನೂ ನೀವೇ ಹೇಳಿ, ಇಷ್ಟೇ ನಾನು ಕೇಳೋದು. ಚೀಲವನ್ನು ಹೊಸಿಲ ಒಳಕ್ಕೆ ತಳ್ಳಿದಳು, ಇದು ಅವನ ಎದೆ ಮೇಲಿತ್ತು, ಮನೆಯಲ್ಲಿ ಇಟ್ಟುಕೊಳ್ಳೋಕೆ ನನಗೆ ಧೈರ್ಯ ಇಲ್ಲ. ಒಳಗಿನ ಚಾಪೆಯ ಗೋಡೆಯ ಹಿಂದಿನಿಂದ ಒನಕೆಯ ಸದ್ದು ನಿಂತಿತು, ಫಲ್ಮಾತಾ, ಬಾನಾನ ಹೆಂಡತಿ, ಮೂವತ್ತು ತುಂಬುವ ಮೊದಲೇ ವಿಧವೆಯಾದವಳು, ಮಾವನ ಎದುರು ದನಿ ಎತ್ತಿದವಳಲ್ಲ, ಗೋಡೆಗೆ ಹೇಳುವಂತೆ ಹೇಳಿದಳು, ಅವನಿಗೆ ನಮಾಜು ಮಾಡೋರು ಇಲ್ವಂತಾ ಮಾವ, ಅವನ ಮೋಟಾರ್ ಸೈಕಲ್‌ಗಳಿಗೆ ಹೇಳಿ, ಸಾಲಾಗಿ ನಿಲ್ಲೋದು ಅವಕ್ಕೆ ಚೆನ್ನಾಗಿ ಗೊತ್ತು. ಯಾ ಗುಂಸು ತಲೆ ತಗ್ಗಿಸಿ ಆ ಮಾತನ್ನು ಸ್ವೀಕರಿಸಿದಳು, ಯಾರೋ ಕೊಟ್ಟ ನೀರನ್ನು ಸ್ವೀಕರಿಸುವಂತೆ, ಆಮೇಲೆ ಎದ್ದು ಹೋದಳು.

ಚೀಲ ಇನ್ನೂ ಅಲ್ಲೇ ಬಿದ್ದಿದೆ. ಅದನ್ನು ಗಂಬೋಗಾಗಿ ತಾನೇ ಹೊಲಿಸಿದ್ದು, ಕೆಂಪು ಆಡಿನ ತೊಗಲು, ಒಳಗೆ ಬಿಡಿಬಿಡಿ ಹಾಳೆಗಳು, ಈ ನಾಡಿನಲ್ಲಿ ಪವಿತ್ರ ಗ್ರಂಥವನ್ನು ಹೊಲಿದು ಕಟ್ಟುವುದಿಲ್ಲ, ಹಾಳೆಗಳು ಹಾಳೆಗಳಾಗಿಯೇ ಇರುತ್ತವೆ, ಅವು ಚದುರಿದರೂ ಬರೆದವನ ತಲೆಯಲ್ಲಿ ಚದುರಬಾರದು, ಪೂರ್ತಿ ಗ್ರಂಥವನ್ನು ನೋಡದೆ ನೆನಪಿನಿಂದಲೇ ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಿಂದ ಬರೆದು, ಮೂವರು ಹಿರಿಯರ ಮುಂದೆ ಇಟ್ಟು, ಅವರು ಬೆರಳಿಟ್ಟು ಓದಿ ಸರಿ ಎಂದರೆ ಮಾತ್ರ ಅವನು ಗೋನಿ. ಅಕ್ಷರ ತಪ್ಪಿದರೆ ತಿದ್ದಬಹುದು, ಒಂದು ಸಾಲೇ ಬಿಟ್ಟುಹೋದರೆ ಅಷ್ಟೂ ಹಾಳೆಗಳನ್ನು ನದಿಯಲ್ಲಿ ತೊಳೆದು ಮತ್ತೆ ಒಂದು ವರ್ಷ ಕುಳಿತು ಮೊದಲಿನಿಂದ ಬರೆಯಬೇಕು, ಅಜ್ಜಂದಿರ ಕಾಲದ ಕಟ್ಟಳೆ, ಕಚಲ್ಲಾ ತಾನೇ ಎರಡು ಸಲ ತೊಳೆದವನು, ಎರಡನೆಯ ಸಲ ನದಿಯ ನೀರು ಕಪ್ಪಾಗಿ ಹರಿದದ್ದನ್ನು ನೋಡುತ್ತ ಅತ್ತವನು. ಗಂಬೋ ಬಂದಾಗ ಏಳು ವರ್ಷ, ಅಪ್ಪ ಸತ್ತ ವರ್ಷ, ಹಲಗೆಯ ಮೇಲೆ ಬರೆದ ಪಾಠವನ್ನು ಬಾಯಿಗೆ ಬಂದ ಮೇಲೆ ನೀರಿನಿಂದ ತೊಳೆದು ಆ ನೀರನ್ನು ಕುಡಿಯುವುದು ಪದ್ಧತಿ, ಉಳಿದ ಮಕ್ಕಳು ಮೂಗು ಹಿಡಿದು ಕುಡಿಯುತ್ತಿದ್ದರು, ಇವನು ಹಲಗೆಯನ್ನೇ ನೆಕ್ಕುತ್ತಿದ್ದ, ಗೋನಿ, ಮೂಲೆಯಲ್ಲಿ ಒಂದು ಅಕ್ಷರ ಉಳಿದಿತ್ತು, ಅದು ಯಾಕೆ ದಂಡ ಆಗಬೇಕು. ಗದ್ದದ ಮೇಲೆ ಇಳಿಯುತ್ತಿದ್ದ ಕಪ್ಪು ಹನಿಯನ್ನು ಹೆಬ್ಬೆರಳಿನಿಂದ ಎಷ್ಟು ಸಲ ಒರೆಸಿದ್ದಾನೋ, ಬಾನಾನ ಗದ್ದವನ್ನು ಹಾಗೆ ಒರೆಸಿದ ನೆನಪಿಲ್ಲ, ಬಾನಾ ಹಲಗೆ ಬಿಟ್ಟು ಗಡಿಯಾರ ಬಿಚ್ಚುತ್ತಿದ್ದ, ಅಪ್ಪನ ಕಣ್ಣು ಯಾವಾಗಲೂ ಆ ಇನ್ನೊಬ್ಬನ ಮೇಲೆ, ಇದನ್ನು ಮಗ ಒಂದೇ ಒಂದು ಸಲ ನಗುತ್ತ ಹೇಳಿದ್ದ, ನಿಮಗೆ ಇಬ್ಬರು ಮಕ್ಕಳು ಅಪ್ಪಾ, ಒಬ್ಬನಿಗೆ ಬಾಯಿ, ಒಬ್ಬನಿಗೆ ಕೈ, ನಮಾಜಿನಲ್ಲಿ ನೆನಪಾಗೋದು ಬಾಯಿ, ಪಂಪು ಕೆಟ್ಟಾಗ ನೆನಪಾಗೋದು ಕೈ. ನಕ್ಕು ಹೇಳಿದ್ದು ನಿಜ. ನಗು ಇದ್ದದ್ದು ತುಟಿಯಲ್ಲಿ.

ಹತ್ತೊಂಬತ್ತನೆಯ ವಯಸ್ಸಿಗೆ ಗಂಬೋ ಬರೆಯಲು ಕುಳಿತ, ಬೇವಿನ ಮರದ ಕೆಳಗೆ, ಇದೇ ಮರ, ಹನ್ನೊಂದು ತಿಂಗಳು, ಕಡ್ಡಿಯ ಲೇಖನಿ ಹಿಡಿದು ಮರಕುಟಿಗನಂತೆ ತಲೆ ಆಡಿಸುತ್ತ, ಹಾಳೆ ಮುಗಿದಂತೆ ಕಚಲ್ಲಾ ಒಣಗಿಸಿ ಓದಿ ಎತ್ತಿಡುತ್ತಿದ್ದ, ಹತ್ತು ಹಾಳೆಗೊಂದು ಅಕ್ಷರ ತಪ್ಪಿಲ್ಲ, ಸುತ್ತಲಿನ ಊರುಗಳ ಗೋನಿಗಳು ಕೇಳುತ್ತಿದ್ದರು, ಕಚಲ್ಲಾ, ಈ ಹುಡುಗನ್ನ ಎಲ್ಲಿಂದ ಹೆಕ್ಕಿಕೊಂಡು ಬಂದೆ, ಅವನ ಎದೆ ಆನೆಯಷ್ಟು ಉಬ್ಬುತ್ತಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಕೊನೆಯದಾಗಿ ಒಮ್ಮೆ ಮಗುಚಿ ನೋಡಿದಾಗ, ಅಲ್ಲಿಯವರೆಗೆ ಕಣ್ತಪ್ಪಿದ್ದು ಕಂಡಿತು, ಒಂದು ಪುಟದ ತಳದಲ್ಲಿ ಸಾಲಿನಷ್ಟು ಜಾಗ ಬರಿದಾಗಿದೆ, ಮುಂದಿನ ಪುಟ ಮುಂದಿನ ಮಾತಿನಿಂದ ಸರಾಗವಾಗಿ ಹೊರಟಿದೆ, ನಡುವಿನ ಸಾಲು ಇಲ್ಲ — ಸುದ್ದಿ ಹೊತ್ತು ತಂದವನ ಮಾತನ್ನು ವಿಚಾರಿಸದೆ ನಂಬಬೇಡಿ, ಅರಿಯದೆ ಯಾರಿಗೋ ಕೇಡು ಮಾಡೀರಿ ಎಂದು ಎಚ್ಚರಿಸುವ ಸಾಲು, ಪಶ್ಚಾತ್ತಾಪ ಎಂಬ ಪದದಲ್ಲಿ ಕೊನೆಯಾಗುವ ಸಾಲು. ಹೊರಗೆ ಯಾ ಗುಂಸು ಟಗರು ಕೊಯ್ಸಿದ್ದಳು, ಮೂರು ಗಡಿಗೆ ಏರಿತ್ತು, ತನ್ನ ಜೊತೆ ಓದಿ ನೋಡಬೇಕಿದ್ದ ಪಕ್ಕದೂರಿನ ಹಿರಿಯರಿಬ್ಬರೂ ಕುದುರೆಯಿಂದ ಇಳಿದು ಕೈಕಾಲು ತೊಳೆಯುತ್ತಿದ್ದರು, ಅವರ ಕಣ್ಣು ಹಾಲುಗಟ್ಟಿದ್ದವು, ಓದುವುದು ಹೆಚ್ಚಾಗಿ ಕಿವಿಯಿಂದಲೇ. ಕಚಲ್ಲಾ ಎದ್ದು ಬಾಗಿಲು ಹಾಕಿಕೊಂಡ. ಅದೇ ಬುರುಡೆಯ ಶಾಯಿ, ಅದೇ ಕಡ್ಡಿ. ಎಷ್ಟು ಹೊತ್ತು ಹಿಡಿದೀತು, ಎರಡು ಉಸಿರು, ಮೂರು ಉಸಿರು, ಹುಡುಗನ ಅಕ್ಷರ ನೆಟ್ಟಗೆ ನಿಲ್ಲುತ್ತದೆ, ತನ್ನದು ಎಡಕ್ಕೆ ಒರಗುತ್ತದೆ, ನೆಟ್ಟಗೆ ನಿಲ್ಲಿಸಲು ನೋಡಿದ, ಆದರೂ ಒರಗಿತು, ಬಾಗಿದ ಬೇಲಿಯಂತೆ ಪುಟದ ತಳದಲ್ಲಿ ಒಂದೇ ಒಂದು ಸಾಲು. ಊದಿ ಒಣಗಿಸಿದ. ದೇವರೇ, ಒಂದು ವರ್ಷ ಉಳಿಸಿದೆ ಅಷ್ಟೇ ಎಂದುಕೊಂಡ. ಸಂಜೆ ಎಲ್ಲರೂ ಗೋನಿ ಗಂಬೋ ಎಂದು ಕರೆದಾಗ ಹುಡುಗ ಬಂದು ಪಾದದ ಬಳಿ ಕುಳಿತು ಮುಖ ಎತ್ತಿ ನೋಡಿದ, ಏನೋ ಕೇಳುವವನಂತೆ, ಕೇಳಲಿಲ್ಲ, ತಾನೂ ಏನು ಎಂದು ಕೇಳಲಿಲ್ಲ.

ಪಂಪು ನಿಂತಿತು. ಇಲ್ಲ, ಶುರುವಾಯಿತು, ಎರಡು ಉದ್ದ, ಒಂದು ಗಿಡ್ಡ. ಮೊದಲು ಮೊದಲು ಅವನ ಮಾತು ಕೇಳಲು ಸುಖವಾಗಿತ್ತು, ಸುಳ್ಳು ಹೇಳಬಾರದು, ಸಂತೆಯ ಹುಣಸೆಮರದ ಕೆಳಗೆ ಶುಕ್ರವಾರದ ನಮಾಜಾದ ಮೇಲೆ ನಿಲ್ಲುತ್ತಿದ್ದ, ರಸ್ತೆಯಲ್ಲಿ ಹಗ್ಗ ಕಟ್ಟಿ ಈರುಳ್ಳಿ ಗಾಡಿಗಳಿಂದ ಸುಲಿಯುವ ಪೊಲೀಸರನ್ನು ಬಯ್ಯುತ್ತಿದ್ದ, ಬರಗಾಲದ ಜೋಳವನ್ನು ಗೋದಾಮಿನಿಂದಲೇ ಮಾರಿದ ಅಧಿಕಾರಿಯನ್ನು ಬಯ್ಯುತ್ತಿದ್ದ, ಅದೆಲ್ಲ ನಿಜವಾಗಿತ್ತು, ಹೆಂಗಸರು ಅವನಿಗಾಗಿ ಹಾಲಿನ ಗಡಿಗೆ ಹೊತ್ತು ತರುತ್ತಿದ್ದರು, ಕಚಲ್ಲಾ ಎದುರು ಸಾಲಿನಲ್ಲಿ ಕುಳಿತು ತಲೆದೂಗಿದ್ದಾನೆ, ನನ್ನ ಹುಡುಗ ಎಂದು ಪಕ್ಕದವನ ಮೊಣಕೈ ತಿವಿದಿದ್ದಾನೆ. ಆಮೇಲೆ ಬಯ್ಗುಳ ಪೊಲೀಸರನ್ನು ದಾಟಿ ಸರ್ಕಾರದ ಶಾಲೆಗೆ ಬಂತು, ಶಾಲೆಯನ್ನು ದಾಟಿ ಮೇಷ್ಟ್ರಿಗೆ ಬಂತು, ಆಮೇಲೆ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನಮಾಜು ಮಾಡುವ ಮುದುಕರಿಗೆ ಬಂತು, ನಿಮ್ಮ ಅಜ್ಜಂದಿರು ಸೋಮಾರಿಗಳು, ಕೈಗಳನ್ನು ಎದೆಯ ಮೇಲೆ ಕಟ್ಟಿ ನಿಲ್ಲಿ, ಹುಡುಗರು ಒಬ್ಬೊಬ್ಬರಾಗಿ ಕೈಕಟ್ಟಿದರು, ಗೋನಿ ಕಚಲ್ಲಾನ ಪಾಠದ ಮನೆ ಖಾಲಿಯಾಯಿತು, ಗಂಬೋನ ಹಿಂದೆ ಮೋಟಾರ್ ಸೈಕಲ್ಲುಗಳು ಸೇರಿದವು, ಅವನ ಪಕ್ಕದಲ್ಲಿ ಯಾವಾಗಲೂ ಗನಾಮಾ, ಇದೇ ಪಾಠದ ಮನೆಯವನು, ಹಲಗೆಯ ನೀರನ್ನು ಕುಡಿದಂತೆ ಮಾಡಿ ಗೋಡೆಯ ಬುಡಕ್ಕೆ ಚೆಲ್ಲುತ್ತಿದ್ದವನು, ಯಾರು ಏನಂದರು, ಯಾರ ಮನೆಗೆ ಯಾರು ಹೋದರು, ಸುದ್ದಿ ತರುವುದೇ ಅವನ ಓದು. ಅವನ ಹುಡುಗರು ಶಾಲೆ ಸುಟ್ಟ ದಿನ ಕಚಲ್ಲಾ ಹೋಗಿ ಗಂಬೋನ ಅಂಗಿ ಹಿಡಿದು ಕೇಳಬೇಕಿತ್ತು. ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ ಎಂದು ಆಗ ಅನಿಸಿತ್ತು, ಅನಿಸಿದ್ದು ಏಕೆಂದು ತನಗೇ ಆಗ ತಿಳಿದಿರಲಿಲ್ಲ, ತಿಳಿದಿತ್ತು. ಆಮೇಲೆ ಅವನು ಕಾಡು ಸೇರಿದ, ನಾಯಕ ಎಂಬ ಹೆಸರು ಬಂತು, ಆ ಹೆಸರಿನಲ್ಲಿ ಬರುತ್ತಿದ್ದ ಅಪ್ಪಣೆಗಳಿಗೆ ಮೈಲಿಗಟ್ಟಲೆ ಕಣಜಗಳು ಬರಿದಾದವು, ಹೆಣ್ಣುಮಕ್ಕಳು ಬಾವಿಗಳಲ್ಲಿ ಅಡಗಿದರು.

ಬಾನಾನ ಚೀಲ ಕಂದು ಬಣ್ಣದ್ದು, ಒಳಗೆ ಎರಡು ದೊಡ್ಡ ಸ್ಪ್ಯಾನರು, ತೊಗಲಿನ ವಾಷರುಗಳು, ತಂತಿಯ ಸುರುಳಿ, ಸೈನಿಕರ ಕಾವಲು ಕಟ್ಟೆಯಲ್ಲಿ ಅದನ್ನು ಕಸಿದುಕೊಂಡರು, ತಂತಿ ಯಾಕೆ, ಬಾಂಬು ಕಟ್ಟೋಕಾ ಎಂದು ಕೇಳಿ, ಹನ್ನೆರಡು ಹಳ್ಳಿಯ ಪಂಪುಗಳು ಆ ಚೀಲದಲ್ಲಿದ್ದವು, ಆದ್ದರಿಂದ ಹೋದ, ಅಣ್ಣಾ, ಅದಿಲ್ಲದೆ ನನ್ನ ಕೈ ಕಡಿದ ಹಾಗೆ ಎಂದು ಕೇಳಲು ಹೋದ, ನಾಳೆ ಬಾ ಅಂದರು, ನಾಳೆ ಹೋದ, ದೊಡ್ಡವರು ಇಲ್ಲ ಅಂದರು, ಮೂರನೆಯ ಸಲ ಹೋದಾಗ ನೆರಳಿನಲ್ಲಿ ಕೂಡಿಸಿ ಚಹಾ ಕೊಟ್ಟು ಚೀಲ ಹಿಂದಿರುಗಿಸಿದರು. ಆ ಚಹಾವನ್ನು ಯಾರೋ ಕಂಡರು. ಮೂರು ಸಲ ಹೋದ, ಮೂರನೆಯ ಸಲ ಚಹಾ ಕುಡಿದ — ಸುದ್ದಿ ಗನಾಮಾನ ಕಿವಿಗೆ, ಗನಾಮಾನಿಂದ ಕಾಡಿಗೆ, ಗುರುವಾರ ಬಾನಾನನ್ನು ಪಂಪಿನ ಪಕ್ಕದಿಂದಲೇ ಎತ್ತಿಕೊಂಡು ಹೋದರು, ಕೈಗೆ ಗ್ರೀಸು ಮೆತ್ತಿತ್ತು, ಕೈ ತೊಳೆದುಕೊಂಡು ಬರ್ತೀನಿ ಇರ್ರಪ್ಪಾ ಅಂದನಂತೆ. ಕಚಲ್ಲಾ ಕತ್ತೆ ಏರಿ ಒಂದೂವರೆ ದಿನದ ದಾರಿ ಹೋದ, ಜಾಲಿಯ ಮುಳ್ಳುಗಳ ನಡುವೆ ಕಂಬಳಿ ಹಾಸಿ ಗಂಬೋ ಕುಳಿತಿದ್ದ, ಗಡ್ಡ ಬಂದಿತ್ತು, ದಪ್ಪಗಾಗಿದ್ದ, ಎದ್ದು ನಿಂತ, ಎದ್ದನಲ್ಲ ಎಂಬ ಆಸೆ ಆ ಗಳಿಗೆಯಲ್ಲಿ ಎಷ್ಟು ಎತ್ತರ ಹಾರಿತು, ಖರ್ಜೂರ ತರಿಸಿದ, ನೀರು ತಾನೇ ಬಗ್ಗಿಸಿ ಕೊಟ್ಟ. ಮಗೂ, ಅವನು ಸ್ಪ್ಯಾನರ್ ಕೇಳೋಕೆ ಹೋಗಿದ್ದ. ನಂಬಿಕಸ್ತ ಮನುಷ್ಯ ಸುದ್ದಿ ತಂದಿದ್ದಾನೆ ಗೋನಿ. ನಂಬಿಕಸ್ತನೋ ಅಲ್ಲವೋ ವಿಚಾರಿಸಿದ್ಯಾ, ಗ್ರಂಥದಲ್ಲೇ ಇದೆಯಲ್ಲ ಎಂದು ಕಚಲ್ಲಾ ಆ ಸಾಲನ್ನು ಹೇಳಿದ, ದನಿ ನಡುಗದಂತೆ, ರಾಗ ತಪ್ಪದಂತೆ, ಪೂರ್ತಿ ಹೇಳಿದ. ಗಂಬೋ ಕೇಳಿಸಿಕೊಂಡ, ಕಣ್ಣು ಮುಚ್ಚಿ, ಚಿಕ್ಕಂದಿನಲ್ಲಿ ಮುಚ್ಚುತ್ತಿದ್ದಂತೆ, ಆಮೇಲೆ ಕಣ್ಣು ತೆರೆದು ಮೆತ್ತಗೆ ಹೇಳಿದ, ಆ ಸಾಲು ನನ್ನ ಕೈಯದಲ್ಲ ಗೋನಿ. ನಿಮ್ಮ ಕೈಯದು.

ಗಂಬೋ ಖರ್ಜೂರದ ತಟ್ಟೆಯನ್ನು ಇವನತ್ತ ಸರಿಸಿದ. ಅವತ್ತು ಸಂಜೆನೇ ನೋಡಿದೆ, ಊಟಕ್ಕೆ ಕೂರೋ ಮೊದಲು ಹಾಳೆಗಳಿಗೆ ಮುತ್ತು ಕೊಡೋಣ ಅಂತ ತೆಗೆದೆ, ಪುಟದ ತಳದಲ್ಲಿ ಬೇಲಿ ಬಾಗಿದ ಹಾಗೆ ನಿಮ್ಮ ಅಕ್ಷರ, ನೀವು ತಪ್ಪು ಅಂದಿದ್ರೆ ಇನ್ನೊಂದು ವರ್ಷ ಕೂತು ಬರೀತಿದ್ದೆ ಗೋನಿ, ಎರಡು ವರ್ಷ ಬೇಕಾದ್ರೂ ಬರೀತಿದ್ದೆ, ನನಗೆ ಬೇರೆ ಏನು ಕೆಲಸ ಇತ್ತು, ನೀವು ಬಾಗಿಲು ಹಾಕ್ಕೊಂಡು ತುಂಬಿಬಿಟ್ರಿ. ಅವತ್ತಿನಿಂದ ದೊಡ್ಡವರು ಇದು ಹಿಂದಿನಿಂದ ಬಂದದ್ದು ಅಂತ ಏನು ತೋರಿಸಿದ್ರೂ ಅದರಲ್ಲಿ ಯಾವ ಸಾಲು ಯಾರು ತುಂಬಿದ್ದು ಅಂತಲೇ ನೋಡ್ತೀನಿ. ಕಚಲ್ಲಾನ ಬಾಯಿಂದ ಬಂದದ್ದು ಒಂದೇ ಮಾತು, ನಿನ್ನ ಅಮ್ಮ ಟಗರು ಕೊಯ್ಸಿದ್ದಳು. ಗಂಬೋ ನಕ್ಕ, ದೇವರು ಸಾಕ್ಷಿ, ಆ ನಗುವಿನಲ್ಲಿ ಅಣಕವಿರಲಿಲ್ಲ, ಅದೇ ಸಹಿಸಲಾಗದ್ದು. ಮನೆಗೆ ಹೋಗಿ ಗೋನಿ, ಸುದ್ದಿ ಬರುತ್ತೆ. ಸುದ್ದಿ ಬಂತು, ಗನಾಮಾನೇ ತಂದ, ಬಾನಾನ ಕಸೂತಿ ಟೋಪಿಯನ್ನು ಹೊಸಿಲ ಮೇಲಿಟ್ಟು ಹಿಂದೆ ನೋಡದೆ ಗಾಡಿ ತಿರುಗಿಸಿದ. ದೇಹ ಬರಲಿಲ್ಲ. ದೇಹವಿಲ್ಲದೆ ನಮಾಜಿಲ್ಲ ಎಂಬುದು ನಮ್ಮ ಹಿರಿಯರ ಮಾತು, ಆದ್ದರಿಂದ ಬಾನಾನಿಗೆ ಸಾಲು ಇಲ್ಲ, ಬಿಳಿಬಟ್ಟೆ ಇಲ್ಲ, ಹನ್ನೆರಡು ಹಳ್ಳಿಗೆ ನೀರೆತ್ತಿ ಕೊಟ್ಟವನ ಮೈಗೆ ಕೊನೆಯ ಒಂದು ಚೊಂಬು ನೀರಿಲ್ಲ. ಆರು ವರ್ಷ ಕಚಲ್ಲಾ ಮನಸ್ಸಿನಲ್ಲಿಯೇ ಆ ಕಂಬಳಿಯ ಮುಂದೆ ಕುಳಿತು ಉತ್ತರ ಹೇಳಿದ್ದಾನೆ, ಒಂದು ಸಾಲು ಕಣೋ, ಪ್ರೀತಿಯಿಂದ ಬರೆದ ಒಂದು ಸಾಲು, ಅದಕ್ಕೆ ನೀನು ನಲವತ್ತು ಹಳ್ಳಿ ಸುಟ್ಟೆಯಾ, ನಿನ್ನ ತಪ್ಪಿಗೆಲ್ಲ ನನ್ನ ಮೂರು ಉಸಿರು ಕಾರಣವಾ, ಗುರು ಎಡವಿದರೆ ಶಿಷ್ಯ ಬೆಟ್ಟದಿಂದ ಹಾರಬೇಕಾ — ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿರುವವನು ಏಳು ವರ್ಷದವನಾಗಿ ಹಲಗೆ ನೆಕ್ಕುತ್ತಿರುತ್ತಾನೆ, ಮೂಲೆಯಲ್ಲಿ ಒಂದು ಅಕ್ಷರ ಉಳಿದಿತ್ತು ಗೋನಿ. ಯಾರು ಯಾರಿಗೆ ಮೋಸ ಮಾಡಿದ್ದು, ಈ ಪ್ರಶ್ನೆ ರಾತ್ರಿ ಮಂಚದ ಕಾಲಿನ ಹಾಗೆ ಅಲುಗುತ್ತದೆ, ಕೆಳಗೆ ಏನು ಕೊಟ್ಟರೂ ನಿಲ್ಲುವುದಿಲ್ಲ. ಕೊನೆಗೆ ಅದೇ ಗನಾಮಾ, ಕಾಡಿನ ತನ್ನವರ ಕಿವಿಗೆ ಇನ್ನೊಂದು ಸುದ್ದಿ ಹಾಕಿದನಂತೆ, ನಾಯಕ ಮೆತ್ತಗಾಗಿದ್ದಾನೆ, ರಾತ್ರಿ ಒಬ್ಬನೇ ಕೂತು ಏನೋ ಬರೀತಾನೆ, ಸರ್ಕಾರಕ್ಕೆ ಕಾಗದ ಬರೀತಿದ್ದಾನೆ, ಅವರೂ ವಿಚಾರಿಸಲಿಲ್ಲ, ಗುಂಡು ಹೊಡೆದರು.

ಏನು ಬರೆಯುತ್ತಿದ್ದ. ಕಚಲ್ಲಾನ ಕೈ ಚೀಲದ ಕಡೆ ಹೋಗಿದೆ, ಶಾಯಿಯ ಬುರುಡೆ ಪಕ್ಕಕ್ಕೆ ಹೋಗಿದೆ, ತೊಗಲಿಗೆ ಬೆವರಿನ, ರಕ್ತದ ವಾಸನೆ, ಹಾಳೆಗಳು ಕ್ರಮ ತಪ್ಪಿವೆ, ಬೆರಳುಗಳಿಗೆ ಮಾತ್ರ ಗೊತ್ತು, ಇಪ್ಪತ್ತಾರನೆಯ ಭಾಗ, ಮಗುಚು, ಮಗುಚು, ಇದೋ. ಹಾಳೆಯ ಅಂಚು ಉಳಿದ ಹಾಳೆಗಳಂತಿಲ್ಲ, ಬೆರಳು ಸವೆಸಿ ಎಣ್ಣೆಗಟ್ಟಿದೆ. ತಳದಲ್ಲಿ ಎಡಕ್ಕೆ ಒರಗಿದ ತನ್ನ ಸಾಲು, ಅದರ ಮೇಲೆ ಒಂದೇ ಒಂದು ನೀಲಿ ಗೆರೆ, ನೇರವಾಗಿ, ಕೋಪವಿಲ್ಲದೆ ಎಳೆದದ್ದು, ತಪ್ಪು ಎಂದು ಗುರು ಎಳೆಯುವ ಗೆರೆ. ಪಕ್ಕದ ಅಂಚಿನಲ್ಲಿ, ಬಾಲ್‌ಪೆನ್ನಿನ ನೀಲಿಯಲ್ಲಿ, ನೆಟ್ಟಗೆ ನಿಂತ ಅಕ್ಷರಗಳಲ್ಲಿ, ಅದೇ ಸಾಲು. ಗಂಬೋನ ಕೈ. ಸುದ್ದಿ ತಂದವನು, ವಿಚಾರಿಸುವುದು, ಅರಿಯದೆ ಮಾಡುವ ಕೇಡು, ಒಂದೊಂದು ಪದವೂ ಚುಕ್ಕೆ ಸಮೇತ ಸರಿಯಾಗಿದೆ, ಕಚಲ್ಲಾನ ತುಟಿ ಜೊತೆಜೊತೆಗೆ ಓದುತ್ತದೆ, ಓದುತ್ತ ಎಡವುತ್ತದೆ. ಕೊನೆಯ ಪದ ಇಲ್ಲ. ಪಶ್ಚಾತ್ತಾಪ ಎಂಬ ಪದ ಇರಬೇಕಾದಲ್ಲಿ ಒಂದು ಪದದಷ್ಟು ಖಾಲಿ ಕಾಗದ. ಪೆನ್ನಿನ ಶಾಯಿ ತೀರಿತೋ — ತೀರಿದ್ದರೆ ಕಾಗದದ ಮೇಲೆ ಗೀರಾದರೂ ಬೀಳಬೇಕಿತ್ತು, ಬೆಳಕಿಗೆ ಅಡ್ಡ ಹಿಡಿದು ನೋಡಿದ, ಹೆಬ್ಬೆರಳಿನಿಂದ ಸವರಿ ನೋಡಿದ, ಗೀರಿಲ್ಲ, ನುಣುಪು. ಮರೆತನೋ, ಅವನು ಮರೆಯುವವನಲ್ಲ, ಯಾರಾದರೂ ಕರೆದರೋ, ಆ ಹೊತ್ತಿಗೇ ಗುಂಡು ಬಂತೋ, ಇಲ್ಲ ಬರೆಯಲು ಕೈ ಬಾರದೆ ಅಲ್ಲಿಯೇ ಪೆನ್ನು ಎತ್ತಿ ಕುಳಿತನೋ, ಎಷ್ಟು ರಾತ್ರಿ ಹಾಗೆ ಕುಳಿತನೋ, ಅಂಚು ಸವೆಯುವಷ್ಟು. ಕಚಲ್ಲಾನ ಬಲಗೈಯಲ್ಲಿ ಕಡ್ಡಿ ಇದೆ. ಯಾವಾಗ ಬಂತು. ತುದಿಯಲ್ಲಿ ಹೊಸ ಶಾಯಿ, ಶಿಷ್ಯ ಒಂದು ಪದ ಬಿಟ್ಟರೆ ಈ ಕೈ ತಾನಾಗಿ ಎದ್ದುಬಿಡುತ್ತದೆ, ಅರವತ್ತು ವರ್ಷದ ಅಭ್ಯಾಸ, ಒಂದು ಪದ, ಒಂದು ಉಸಿರು, ಅವನಿಗೆ ಅಷ್ಟಾದರೂ — ಬೇಡ. ಕಡ್ಡಿಯನ್ನು ಮರಳಿಗೆ ಚುಚ್ಚಿದ. ಇದನ್ನು ತುಂಬುವವನು ತಾನಲ್ಲ. ಒಂದು ಸಲ ತುಂಬಿದವನು.

ಎದ್ದ, ಮಂಡಿ ಸದ್ದು ಮಾಡಿತು, ಇದು ನಿಜವಾದ ಮಂಡಿ ನೋವು, ಇಮಾಮರದ್ದಲ್ಲ. ಹೋಗಲೇಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ, ಇಂಥವನ ನಮಾಜಿನಿಂದ ದೊಡ್ಡವರು ಹಿಂದೆ ಸರಿಯಬಹುದು, ಜನಕ್ಕೆ ಪಾಠವಾಗಲಿ ಎಂದು, ಆದರೆ ಯಾರಾದರೂ ಒಬ್ಬ ನಿಲ್ಲಬೇಕು, ಒಬ್ಬನೂ ನಿಲ್ಲದಿದ್ದರೆ ಪಾಪ ಇಡೀ ಊರಿನ ಮೇಲೆ, ಫಲ್ಮಾತಾಳ ಮೇಲೆ ಕೂಡ. ಅವಳಿಗೆ ಹೇಳಿ ಹೋಗಬೇಕು, ಚಾಪೆ ಸರಿಸಿದ, ಒನಕೆ ಒರಗಿದೆ, ಜೋಳ ಅರ್ಧ ಕುಟ್ಟಿದೆ, ಅವಳಿಲ್ಲ, ಹೋದಳು, ತವರಿಗೆ ಹೋದಳು, ಈ ಮನೆಯ ಕೊನೆಯ ಮಾತೂ ಹೋಯಿತು ಎಂದುಕೊಂಡು ಅಂಗಳ ದಾಟಿದರೆ ಪಂಪಿನ ಹಿಡಿಗೆ ಜೋತುಬಿದ್ದು ನೀರೆತ್ತುತ್ತಿರುವವಳು ಅವಳೇ. ಯಾ ಗುಂಸು ಎರಡು ಮಾರು ದೂರದಲ್ಲಿ ಕೊನೆಯ ಬಕೆಟ್ಟು ಹಿಡಿದು ನಿಂತಿದ್ದಾಳೆ, ಹತ್ತಿರ ಬರಲು ಅಪ್ಪಣೆ ಇಲ್ಲದವಳಂತೆ. ಫಲ್ಮಾತಾಳ ಮುಖ ಕಲ್ಲಿನಂತಿದೆ. ಹಾಗೆ ನೋಡಬೇಡಿ ಮಾವ, ಈ ಮುದುಕಿ ಕೈಗೆ ಬಿಟ್ಟರೆ ಗೂಟ ಮುರಿದು ಹಾಕ್ತಾಳೆ, ಇದು ನನ್ನ ಗಂಡನ ಪಂಪು, ಅವಳ ಮಗನಿಗೆ ನಾನು ಒಂದು ಹನಿ ಕೊಡ್ತಾ ಇಲ್ಲ, ಪಂಪು ಉಳಿಸ್ತಾ ಇದ್ದೀನಿ. ಹಿಡಿ ಕೆಳಗಿಳಿಯಿತು, ಮೇಲೆದ್ದಿತು. ನೀವು ಹೋಗಿ ನಿಲ್ಲೋದಾದ್ರೆ ನಿಲ್ಲಿ, ನನ್ನ ಹತ್ತಿರ ಕೇಳಬೇಡಿ, ಕೇಳಿದ್ರೆ ಬೇಡ ಅಂತೀನಿ. ಅವನು ಕೇಳಲಿಲ್ಲ. ಜಗಲಿಗಳ ಮೇಲಿನ ಗಂಡಸರು ಅವನು ದಾಟುವಾಗ ತಮ್ಮ ತಮ್ಮ ಚಪ್ಪಲಿಗಳನ್ನು ನೋಡಿಕೊಂಡರು, ಒಬ್ಬ ಮಾತ್ರ ಕೂಗಿದ, ಗೋನಿ, ಸತ್ತ ಮೇಲೂ ಆ ಶಿಷ್ಯನ್ನ ಬಿಡಲಿಲ್ಲವಾ ನೀವು, ಮತ್ಯಾರೋ ಸಣ್ಣಗೆ ನಕ್ಕ. ಆ ನಗುವನ್ನು ಹೊತ್ತುಕೊಂಡೇ ನಡೆದ, ಭಾರವಿರಲಿಲ್ಲ, ಅಥವಾ ಭಾರಕ್ಕೆ ಬೆನ್ನು ಒಗ್ಗಿತ್ತು.

ಊರಾಚೆಯ ಮರಳಿನಲ್ಲಿ ಗುಂಡಿ ಸಿದ್ಧವಿದೆ, ಇವನು ಮಂಡಿ ಎಳೆದುಕೊಂಡು ಸೇರುವಷ್ಟರಲ್ಲಿ ತೋಡಿದ ಕಿವುಡ ಮುದುಕನೇ ತೊಳೆದು ಬಟ್ಟೆ ಸುತ್ತಿದ್ದಾನೆ, ಮುಖ ಇನ್ನೂ ತೆರೆದಿದೆ, ಬಿಸಿಲು ನೆತ್ತಿಗೆ ಬರಲು ಗೇಣು ಬಾಕಿ. ಕಚಲ್ಲಾ ಬಗ್ಗಿದ, ಗಡ್ಡದಲ್ಲಿ ನೀರಿನ ಹನಿಗಳಿವೆ, ಗದ್ದದ ಮೇಲೆ ಒಂದು, ಕೈ ಎದ್ದಿತು, ಒರೆಸಲಿಲ್ಲ, ಒರೆಸದೆಯೂ ಇರಲಿಲ್ಲ, ಬಟ್ಟೆಯ ತುದಿಯನ್ನು ಎಳೆದು ಮುಖ ಮುಚ್ಚಿದ, ಹನಿ ಬಟ್ಟೆಗೆ ಇಳಿಯಿತು. ಬಾನಾ, ನಿನಗೆ ಇದು ಯಾವುದೂ ಸಿಗಲಿಲ್ಲ, ನಿನ್ನ ಅಪ್ಪ ಇಲ್ಲಿ ನಿಂತಿದ್ದಾನೆ, ನೋಡಬೇಡ, ಅಥವಾ ನೋಡು. ಹಿಂದೆ ಕಿವುಡ ಮುದುಕ ಒಬ್ಬನೇ ಒಂದು ಸಾಲು, ಅವನ ಹಿಂದೆ ಯಾ ಗುಂಸು ಒಬ್ಬಳೇ ಇನ್ನೊಂದು ಸಾಲು. ದೇವರು ದೊಡ್ಡವನು ಎನ್ನುವ ಮೊದಲ ತಕ್ಬೀರಿಗೆ ಕೈ ಎತ್ತಿದ, ಇಳಿಬಿಟ್ಟ, ಹಿರಿಯರು ಮಾಡುತ್ತಿದ್ದಂತೆ ಪಕ್ಕಕ್ಕೆ ಇಳಿಬಿಟ್ಟ, ಸೋಮಾರಿಗಳಂತೆ, ಹೌದು ಗಂಬೋ, ಇವತ್ತು ಕೈ ಕಟ್ಟಿಸಲು ನಿನಗೆ ಬಾಯಿಲ್ಲ. ದೇವರ ಸ್ತುತಿ ಬಂತು, ಎರಡನೆಯ ತಕ್ಬೀರು, ಪ್ರವಾದಿಯ ಮೇಲೆ ಪ್ರಾರ್ಥನೆ ಬಂತು, ನಾಲಗೆ ತಾನಾಗಿ ನಡೆಯಿತು, ಸಾವಿರ ಹೆಣಗಳ ಮುಂದೆ ನಡೆದ ನಾಲಗೆ, ಮೂರನೆಯ ತಕ್ಬೀರು, ಇನ್ನು ಸತ್ತವನಿಗಾಗಿ ಕೇಳಬೇಕು, ದೇವರೇ ಇವನು ನಿನ್ನ ದಾಸ, ನಿನ್ನ ದಾಸನ ಮಗ, ನೀನೇ ಹುಟ್ಟಿಸಿದೆ, ನೀನೇ ಕರೆದುಕೊಂಡೆ, ಇವನನ್ನು — ಇವನನ್ನು — ಒಂದೇ ಪದ ಬಾಕಿ, ಕ್ಷಮಿಸು ಎನ್ನುವ ಪದ, ಹಿಂದೆ ಯಾ ಗುಂಸುವಿನ ಉಸಿರು ಆ ಪದಕ್ಕಾಗಿ ಕಾಯುತ್ತಿದೆ, ದೂರದಲ್ಲಿ ಪಂಪು ಸುಮ್ಮನಾಗಿದೆ, ಇಳಿಬಿದ್ದ ಬಲಗೈಯ ಹೆಬ್ಬೆರಳು ತೋರುಬೆರಳು ತಾವಾಗಿ ಕೂಡಿವೆ, ಕಡ್ಡಿ ಹಿಡಿದಂತೆ, ಹಿಡಿದದ್ದು ಏನೂ ಇಲ್ಲ, ಇವನನ್ನು — ಕಣ್ಣ ಮುಂದೆ ಬಿಳಿಬಟ್ಟೆಯಿಲ್ಲ, ಮರಳಿಲ್ಲ, ಸವೆದ ಹಾಳೆಯ ಅಂಚು, ನೆಟ್ಟಗೆ ನಿಂತ ನೀಲಿ ಅಕ್ಷರಗಳ ಒಂದು ಸಾಲು, ಸಾಲಿನ ತುದಿಯಲ್ಲಿ ಒಂದು ಪದದಷ್ಟು ಖಾಲಿ ಕಾಗದ —